ಹುಂಜಗಳಿಗೆ ಪಾಳಿ ಹಾಕಿದ ವರ್ಷ

ಒಂದು ಹುಂಜಕ್ಕೆ ಸಾಲುವಷ್ಟೇ ಜಾಗವಿರುವ ಹಿತ್ತಿಲಿನಲ್ಲಿ ಐದು ಹುಂಜಗಳು ಬೆಳೆದು ನಿಂತರೆ, ಉಳಿದ ನಾಲ್ಕಕ್ಕೆ ನೀವು ಏನು ಹೇಳುತ್ತೀರಿ? ಕೊಲ್ಲುವುದು ತಪ್ಪು ಎಂದು ಹೇಳಿ ಸುಮ್ಮನಾಗಬಹುದು. ಆ ಮಾತು ಸುಳ್ಳಲ್ಲ, ಆದರೆ ಕೇಳಿದ ಪ್ರಶ್ನೆಗೆ ಅದು ಉತ್ತರವೂ ಅಲ್ಲ. ನಾನು ಅದನ್ನೇ ಉತ್ತರವೆಂದು ನಂಬಿ ಸುಮಾರು ಒಂದು ವರ್ಷ ಬದುಕಿದೆ. ಆ ವರ್ಷ ನಮ್ಮ ಹಿತ್ತಿಲಿನಲ್ಲಿ ಏನಾಯಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮನೆಯಿಂದ ಚಿಕ್ಕಬಾಣಾವರದ ರೈಲು ನಿಲ್ದಾಣಕ್ಕೆ ನಡೆದೇ ಹೋಗಬಹುದು. ಅಜ್ಜನ ಕಾಲದಲ್ಲಿ ರಾಗಿ ಹೊಲದ ಅಂಚಿಗಿದ್ದ ಮನೆ ಈಗ ಎರಡು ಗೋಡೆಗಳ ನಡುವೆ ಸಿಕ್ಕಿಕೊಂಡಿದೆ. ಎಡಕ್ಕೆ ನಾಲ್ಕು ಅಂತಸ್ತಿನ ಬಾಡಿಗೆ ಕಟ್ಟಡ, ಬಲಕ್ಕೆ ಲೇತ್ ಯಂತ್ರಗಳ ಒಂದು ಶೆಡ್ಡು. ಹಿಂದೆ ಉಳಿದಿರುವುದು ಒಂದು ನುಗ್ಗೆ ಮರ, ನೀರಿನ ತೊಟ್ಟಿ, ದನಗಳಿಲ್ಲದ ಕೊಟ್ಟಿಗೆ, ಇವಿಷ್ಟರ ಸುತ್ತ ಒಂದಿಷ್ಟು ಮಣ್ಣಿನ ನೆಲ. ಅಪ್ಪ ಪೀಣ್ಯದ ಕಾರ್ಖಾನೆಯೊಂದರಲ್ಲಿ ಟರ್ನರ್ ಆಗಿ ದುಡಿದು ನಿವೃತ್ತನಾದವನು. ನಾನು ಪದವಿಪೂರ್ವ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಸುತ್ತಲಿನ ಊರುಗಳ ಮಾರಮ್ಮನ ಹಬ್ಬಗಳಲ್ಲಿ ಪ್ರಾಣಿಬಲಿ ನಿಲ್ಲಬೇಕೆಂದು ಕೆಲವು ಗೆಳೆಯರ ಜೊತೆ ಸೇರಿ ಮನೆಮನೆಗೆ ಹೋಗಿ ಮಾತನಾಡುತ್ತೇನೆ. ನನ್ನ ವಿದ್ಯಾರ್ಥಿ ದಿನಗಳು ಚರ್ಚಾಸ್ಪರ್ಧೆಗಳಲ್ಲೇ ಕಳೆದವು. ಪರ ವಿರೋಧ ಎರಡಕ್ಕೂ ಸಮಾನ ಅವಕಾಶ ಕೊಟ್ಟರೆ ಸತ್ಯ ತಾನಾಗಿ ಮೇಲೆ ಬರುತ್ತದೆ ಎಂಬ ನಂಬಿಕೆಯನ್ನು ಆ ವೇದಿಕೆಗಳು ನನಗೆ ಕೊಟ್ಟವು. ಇಂದಿಗೂ ಅದನ್ನು ನಾನು ಪೂರ್ತಿ ಬಿಟ್ಟಿಲ್ಲ.

ಕೋಳಿ ಸಾಕಿದವಳು ಅವ್ವ. ಹೊರಗೆ ನಾನು ಬಲಿಯ ವಿರುದ್ಧ ಮಾತನಾಡಿ ಮನೆಗೆ ಬಂದರೆ ಒಲೆಯ ಮೇಲೆ ನಾಟಿಕೋಳಿ ಸಾರು ಕುದಿಯುತ್ತಿರುತ್ತಿತ್ತು. ಅಪ್ಪನಿಗೂ ನನಗೂ ವಾದ ಹತ್ತುತ್ತಿತ್ತು. ಅವ್ವ ಅಡುಗೆಮನೆಯಿಂದಲೇ ತೀರ್ಪು ಕೊಡುತ್ತಿದ್ದಳು: "ನೀನು ಭಾಸಣ ಮಾಡು, ನಾನು ಸಾರು ಮಾಡ್ತೀನಿ. ಯಾವ್ದು ಮೊದ್ಲು ಖಾಲಿ ಆಯ್ತದೋ ನೋಡಾನ." ಅಪ್ಪ ನಗುತ್ತಿದ್ದ. ನಾನು ಮುದ್ದೆಗೆ ಸೊಪ್ಪಿನ ಸಾರು ಹಾಕಿಕೊಂಡು ಉಣ್ಣುತ್ತಿದ್ದೆ. ಅದನ್ನು ಅವಳು ಬೇರೆ ಪಾತ್ರೆಯಲ್ಲಿ ಮಾಡಿಟ್ಟಿರುತ್ತಿದ್ದಳು.

ಕೊನೆಯ ಸಲ ಆಸ್ಪತ್ರೆಗೆ ಹೊರಡುವ ಮುಂಚಿನ ವಾರ ಅವ್ವ ಬೂದು ಹೇಟೆಯನ್ನು ಕಾವಿಗೆ ಕೂರಿಸಿದಳು. ನಮ್ಮ ಕಡೆ ಮೊಟ್ಟೆಯಿಡುವ ಕೋಳಿಯನ್ನು ಹೇಟೆ ಎನ್ನುತ್ತೇವೆ. ಕೊಟ್ಟಿಗೆಯ ಮೂಲೆಯಲ್ಲಿ ಬುಟ್ಟಿ, ಬುಟ್ಟಿಯಲ್ಲಿ ಹುಲ್ಲು, ಹುಲ್ಲಿನ ಮೇಲೆ ಹನ್ನೊಂದು ಮೊಟ್ಟೆ. ಕಾವಿಗಿಡುವ ಮೊಟ್ಟೆ ಯಾವಾಗಲೂ ಬೆಸ ಸಂಖ್ಯೆಯಲ್ಲಿರಬೇಕು ಎಂಬುದು ಅವಳ ನಿಯಮ. ಆಮೇಲೆ ಬೇರೆ ಕೋಳಿಗಳು ಇಡುವ ಮೊಟ್ಟೆ ಇವುಗಳ ಜೊತೆ ಬೆರೆಯದಿರಲೆಂದು ಒಂದೊಂದಕ್ಕೂ ಇದ್ದಿಲಿನ ಗೆರೆ ಎಳೆದಳು. ಗುಡುಗಿಗೆ ಮೊಟ್ಟೆ ಕೆಡುತ್ತದೆಂದು ಬುಟ್ಟಿಯಲ್ಲಿ ಕಬ್ಬಿಣದ ಚೂರೊಂದನ್ನು ಇಡುವುದು ರೂಢಿ. ನಮ್ಮ ಮನೆಯಲ್ಲಿ ಆ ಚೂರು ಅಪ್ಪ ಎಂದೋ ಕಾರ್ಖಾನೆಯಿಂದ ತಂದ ದಪ್ಪನೆಯ ಬೋಲ್ಟು. ಅದನ್ನು ಹುಲ್ಲಿನಡಿಗೆ ತೂರಿಸಿ ಅವ್ವ ಎದ್ದು ನಿಂತಳು, ಗೋಡೆ ಹಿಡಿದು ಸ್ವಲ್ಪ ಹೊತ್ತು ಹಾಗೆಯೇ ಇದ್ದಳು.

ಮೊಟ್ಟೆ ಒಡೆಯುವ ಮೊದಲೇ ಅವಳು ಹೋದಳು. ಮಣ್ಣು ಮಾಡಿ ಬಂದ ಮೇಲೆ ಮನೆ ತುಂಬ ಜನವಿದ್ದರು. ಹನ್ನೊಂದನೆಯ ದಿನದ ಕಾರ್ಯಕ್ಕೆ ಶಾಮಿಯಾನ ಹಾಕುತ್ತಿದ್ದ ಹೊತ್ತಿನಲ್ಲಿ ಅಪ್ಪ ಕೊಟ್ಟಿಗೆಯಿಂದ ಹೊರಬಂದು, "ಮರಿ ಒಡೆದವೆ ಕಣ್ಲಾ," ಎಂದ. ನಾನು ಹೋಗಿ ನೋಡಿದೆ. ಬೂದು ಹೇಟೆಯ ರೆಕ್ಕೆಯಡಿಯಿಂದ ಒದ್ದೆಯಾದ ತಲೆಗಳು ಇಣುಕುತ್ತಿದ್ದವು. ಅಪ್ಪ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದ. ನನಗೆ ಏನೂ ಅನ್ನಿಸಲಿಲ್ಲ. ಹಲ್ಲು ಕೀಳುವ ಮೊದಲು ದವಡೆಗೆ ಮದ್ದು ಚುಚ್ಚುತ್ತಾರಲ್ಲ, ಆಮೇಲೆ ಮುಟ್ಟಿದ್ದು ತಿಳಿಯುತ್ತದೆ, ನೋವು ತಿಳಿಯುವುದಿಲ್ಲ. ಆ ವರ್ಷವೆಲ್ಲ ನಾನು ಹೆಚ್ಚುಕಡಿಮೆ ಹಾಗೆಯೇ ಇದ್ದೆ. ಕಾಲೇಜಿಗೆ ಹೋದೆ, ಸಭೆಗಳಲ್ಲಿ ಮಾತನಾಡಿದೆ, ಬಟ್ಟೆ ಒಗೆದೆ.

ಮರಿಗಳನ್ನು ನೋಡುತ್ತ ನಿಂತು ನಾನು ಅಪ್ಪನಿಗೆ, "ಇವನ್ನ ಯಾವತ್ತೂ ಕುಯ್ಯೋದು ಬೇಡಪ್ಪ," ಎಂದೆ. ಅವನು ತಲೆಯಾಡಿಸಿದ. ಒಪ್ಪಿ ಆಡಿಸಿದನೋ ಸುಮ್ಮನೆ ಆಡಿಸಿದನೋ ನಾನು ಕೇಳಲಿಲ್ಲ. ಮಾತು ಕೊಟ್ಟಾಯಿತೆಂದು ತಿಳಿದುಕೊಂಡೆ.

ನಮ್ಮಂಥ ಮನೆಗಳಲ್ಲಿ ಹುಂಜಗಳ ಸಮಸ್ಯೆ ಸಾಮಾನ್ಯವಾಗಿ ಹುಟ್ಟುವುದೇ ಇಲ್ಲ. ಯುಗಾದಿಯ ಮರುದಿನ ಹೊಸತೊಡಕು. ಅಂದು ಮಾಂಸದಡುಗೆಯಿಲ್ಲದ ಒಲೆ ನಮ್ಮ ಬೀದಿಯಲ್ಲಿ ಕಡಿಮೆ. ಅದರ ಹಿಂದೆಯೇ ಊರಹಬ್ಬ, ಹರಕೆ, ಅಳಿಯನ ಭೇಟಿ. ಕೂಗಲು ಕಲಿತ ಹುಂಜಗಳು ಒಂದೊಂದಾಗಿ ಕಡಿಮೆಯಾಗಿ, ಕೊನೆಗೆ ಒಂದು ಉಳಿಯುತ್ತದೆ. ಆದರೆ ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಹಬ್ಬವಿಲ್ಲ. ನಮ್ಮ ಮನೆತನದಲ್ಲಿ ಇನ್ನೊಂದು ಕಟ್ಟಳೆಯಿದೆ: ಸತ್ತವರಿಗೆ ವರ್ಷದ ಎಡೆ ಇಡುವವರೆಗೆ ಮನೆಯಂಗಳದಲ್ಲಿ ಕತ್ತಿ ಎತ್ತುವಂತಿಲ್ಲ. ಹೀಗೆ ಅವ್ವನ ಸಾವು ಮತ್ತು ನನ್ನ ಸಿದ್ಧಾಂತ ಎರಡೂ ಸೇರಿ ಆ ಮರಿಗಳನ್ನು ಕಾಪಾಡಿದವು. ಯುಗಾದಿ ಬಂತು, ನಾವು ಬೇವುಬೆಲ್ಲವನ್ನೂ ಮುಟ್ಟಲಿಲ್ಲ. ಹೊಸತೊಡಕಿನ ದಿನ ಬೀದಿಯ ತುಂಬ ಮಸಾಲೆಯ ವಾಸನೆಯಿತ್ತು. ನಮ್ಮ ಹಿತ್ತಿಲಿನಲ್ಲಿ ಐದು ಹುಂಜಗಳು ಜುಟ್ಟು ಕೆಂಪಗೆ ಮಾಡಿಕೊಂಡು ಓಡಾಡುತ್ತಿದ್ದವು.

ಕೆಲವು ಮರಿಗಳನ್ನು ಹದ್ದು ಬೆಕ್ಕುಗಳು ಒಯ್ದು, ಉಳಿದವುಗಳಲ್ಲಿ ಐದು ಗಂಡಾಗಿದ್ದವು. ಹೇಟೆಗಳು ತಾಯಿಯೂ ಹಳೆಯ ಒಂದೆರಡೂ ಸೇರಿ ಆರು. ಈ ಲೆಕ್ಕದಲ್ಲಿರುವ ತೊಂದರೆ ಕೋಳಿ ಸಾಕಿದವರಿಗೆ ಕೂಡಲೇ ಹೊಳೆಯುತ್ತದೆ. ಹತ್ತು ಹೇಟೆಗೆ ಒಂದು ಹುಂಜ ಸಾಕು. ನನಗೂ ಅದು ಗೊತ್ತಿತ್ತು, ಅಪ್ಪನಿಗೂ ಗೊತ್ತಿತ್ತು. ಗೊತ್ತಿದ್ದೂ ನಾವು ದಿನ ದೂಡಿದೆವು.

ಒಟ್ಟಿಗೆ ಬೆಳೆದ ಹುಂಜಗಳು ತಮ್ಮಷ್ಟಕ್ಕೆ ತಾವೇ ಒಂದು ಶ್ರೇಣಿ ಮಾಡಿಕೊಳ್ಳುತ್ತವೆ. ನಮ್ಮಲ್ಲಿ ಕೆಂಪು ಹುಂಜ ಮೊದಲನೆಯದು, ಅದರ ನಂತರ ಕರಿಯದು, ಆಮೇಲೆ ಎರಡು ಚುಕ್ಕೆಯವು. ಬಿಳಿಯದು ಕೊನೆಯದು. ಅಪ್ಪ ರಾಗಿ ಚೆಲ್ಲಿದರೆ ಬಿಳಿಯದು ನೀರಿನ ತೊಟ್ಟಿಯ ಹತ್ತಿರವೇ ನಿಲ್ಲುತ್ತಿತ್ತು, ಉಳಿದವು ಬಿಟ್ಟು ಹೋದ ಮೇಲೆ ಬಂದು ಆರಿಸಿಕೊಳ್ಳುತ್ತಿತ್ತು. ಜಗಳಗಳಿದ್ದವು, ಆದರೆ ಬೇಗ ಮುಗಿಯುತ್ತಿದ್ದವು. ಕತ್ತಿನ ಪುಕ್ಕ ಕೆದರಿ ಎದುರುಬದುರು ನಿಂತು, ಒಂದು ನೆಗೆದು, ಮತ್ತೊಂದು ಮುಖ ತಿರುಗಿಸಿದರೆ ಅಲ್ಲಿಗೆ ಸರಿ. ನನಗೆ ಆ ಬಿಳಿಯದನ್ನು ನೋಡಿ ಸಹಿಸಲಾಗುತ್ತಿರಲಿಲ್ಲ. ಅದು ಕಾಯುತ್ತಿದ್ದ ರೀತಿಯಲ್ಲಿ ಅನ್ಯಾಯವಿದೆ ಎಂದು ನನಗೆ ತೋರುತ್ತಿತ್ತು.

ನಿಜವಾದ ಕಷ್ಟ ಹೇಟೆಗಳದ್ದಾಗಿತ್ತು, ಅದರಲ್ಲೂ ಬೂದು ಹೇಟೆಯದು. ಅದು ತೀರ ಸಾಧು. ಅಪ್ಪ ಬೆನ್ನಿನ ಮೇಲೆ ಕೈಯಿಟ್ಟರೆ ಸಾಕು, ರೆಕ್ಕೆ ಸಡಿಲಿಸಿ ನೆಲಕ್ಕೆ ಕುಸಿದು ಕೂರುತ್ತಿತ್ತು. ಹುಂಜ ಹತ್ತಿರ ಬಂದರೂ ಹಾಗೆಯೇ ಕೂರುತ್ತಿತ್ತು. ಓಡುವ ಕೋಳಿಗಳನ್ನು ಬಿಟ್ಟು ಐದೂ ಅದರ ಮೇಲೆಯೇ ಬೀಳುತ್ತಿದ್ದವು. ಬೆನ್ನಿನ ಪುಕ್ಕ ಉದುರಿ ಗುಲಾಬಿ ಬಣ್ಣದ ಚರ್ಮ ಕಾಣತೊಡಗಿತು. ಅಪ್ಪ ಬೆಳಗ್ಗೆ ಎದ್ದ ಕೂಡಲೇ ಅದನ್ನು ನೋಡಲು ಹೋಗುತ್ತಿದ್ದ. ಅವನಿಗೆ ಇದ್ದ ಆಸೆ ಒಂದೇ: ಅದು ಬದುಕಿರಬೇಕು, ಅದೇ ಮೂಲೆಯಲ್ಲಿ ಇನ್ನೊಮ್ಮೆ ಕಾವಿಗೆ ಕೂರಬೇಕು. ಬಾಯಿಬಿಟ್ಟು ಒಮ್ಮೆ ಹೇಳಿಯೂ ಇದ್ದ: "ನಿಮ್ಮವ್ವನ ಕೈ ಕಡೇದಾಗಿ ಬಿದ್ದಿದ್ದು ಇದರ ಮೇಲೇ ಕಣ್ಲಾ."

ಆ ದಿನಗಳಲ್ಲೇ ಪಕ್ಕದ ಕಟ್ಟಡದ ಬಾಡಿಗೆದಾರನೊಬ್ಬ ನಮ್ಮ ಹಿತ್ತಿಲ ಗೋಡೆಯ ಬಳಿ ಬಂದು ನಿಂತ. ಗದಗದ ಕಡೆಯವನು, ಪೀಣ್ಯದ ಒಂದು ಘಟಕದಲ್ಲಿ ರಾತ್ರಿ ಪಾಳಿ. ಅವನ ಕೋಣೆಯ ಕಿಟಕಿ ನಮ್ಮ ನುಗ್ಗೆ ಮರದ ಕಡೆಗೆ ತೆರೆಯುತ್ತದೆ.

"ಸರ, ಒಂದ ಮಾತ ಹೇಳ್ಲೇನ್ರಿ? ಸಿಟ್ಟ ಆಗಬ್ಯಾಡ್ರಿ."

"ಹೇಳಿ."

"ನಾ ಮುಂಜಾನೆ ಡ್ಯೂಟಿ ಮುಗಿಸಿ ಬಂದು ಮಕ್ಕೊಳ್ಳಾಂವರಿ. ಒಂದ ಹುಂಜ ಕೂಗಿದ್ರ ಬೆಳಗಾತು ಅಂತ ತಿಳ್ಕೋತೀನಿ. ನಿಮ್ಮಲ್ಲಿ ಐದ ಕೂಗ್ತಾವು. ಒಂದ ಹೇಳಿದ್ದ ಇನ್ನೊಂದ ಒಪ್ಪಂಗಿಲ್ಲ. ಥೇಟ್ ಅಸೆಂಬ್ಲಿ ಐತ್ರಿ."

ಅಪ್ಪ ನಕ್ಕುಬಿಟ್ಟ. ಅವ್ವ ಹೋದ ಮೇಲೆ ಅವನು ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಏನ್ ಮಾಡಾನಪ್ಪ, ಅವಕ್ಕೆ ಬಾಯಿ ಹೊಲಿಯಾಕಾಯ್ತದಾ?" ಎಂದ.

"ಶಿಫ್ಟ್ ಹಚ್ರಿ ಅಜ್ಜಾರ. ನಮಗ ಹಚ್ಚಂಗಿಲ್ಲೇನ್ರಿ? ಎಲ್ಲಾರೂ ಒಮ್ಮಿಗೆ ಒಳಗ ಬಂದ್ರ ಫೋರ್‌ಮನ್ ಬಿಡ್ತಾನೇನು?"

ಅವನು ತಮಾಷೆಗೆ ಹೇಳಿದ್ದ. ಅದನ್ನು ತಮಾಷೆಯಾಗಿ ತೆಗೆದುಕೊಳ್ಳದವರು ನಾವು. ಅಪ್ಪನ ಜೀವಮಾನವೆಲ್ಲ ಪಾಳಿಗಳಲ್ಲಿ ಸಾಗಿತ್ತು. ಸೈರನ್ ಕೂಗುತ್ತಿದ್ದಂತೆ ಒಂದು ಗುಂಪು ಒಳಗೆ, ಒಂದು ಗುಂಪು ಹೊರಗೆ. ಅದಕ್ಕಿಂತ ನೆಟ್ಟಗಿನ ವ್ಯವಸ್ಥೆಯನ್ನು ಅವನು ಕಂಡಿರಲಿಲ್ಲ. "ನಮ್ಮಲ್ಲೂ ಅಂಗೇ ಇತ್ತು ಕಣ್ಲಾ, ಮೂರು ಶಿಫ್ಟು ಓಡ್ತಿತ್ತು. ಯಾರ್ ಮೇಲೂ ಯಾರೂ ಬೀಳ್ತಿರ್ಲಿಲ್ಲ," ಎಂದ. ನನಗಾದರೋ ಚರ್ಚಾವೇದಿಕೆ ನೆನಪಾಯಿತು. ಎಲ್ಲರಿಗೂ ಸಮಾನ ಸಮಯ. ಒಬ್ಬರ ಸರದಿಯಲ್ಲಿ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ. ಬಿಳಿಯ ಹುಂಜಕ್ಕೂ ರಾಗಿಯ ಮುಂದೆ ನಿಲ್ಲುವ ಹಕ್ಕು. ಅಪ್ಪನೂ ನಾನೂ ಯಾವುದೇ ವಿಷಯದಲ್ಲಿ ಒಮ್ಮತಕ್ಕೆ ಬಂದದ್ದು ಅಪರೂಪ. ಇದರಲ್ಲಿ ಬಂದೆವು.

ಕೋಳಿಗಳನ್ನು ಕವುಚಿ ಹಾಕುವ ಬಿದಿರಿನ ಮಂಕರಿಗಳು ಮನೆಯಲ್ಲಿ ಎರಡಿದ್ದವು. ಇನ್ನು ಮೂರನ್ನು ಅಪ್ಪ ತಂದ. ಬೆಳಗಿನ ಪಾಳಿಯಲ್ಲಿ ಎರಡು ಹುಂಜ ಹೊರಗೆ, ಮೂರು ಮಂಕರಿಯೊಳಗೆ. ಮಧ್ಯಾಹ್ನದ ನಂತರ ಅದಲುಬದಲು. ಒಂದೇ ಜೋಡಿ ದಿನವೂ ಹೊರಗಿದ್ದರೆ ಅವು ಗುಂಪು ಕಟ್ಟುತ್ತವೆ ಎಂದು ನಾನು ಜೋಡಿಗಳನ್ನು ದಿನದಿನಕ್ಕೆ ಬದಲಿಸಿದೆ. ಇಂದು ಕೆಂಪು ಮತ್ತು ಬಿಳಿ, ನಾಳೆ ಬಿಳಿ ಮತ್ತು ಕರಿ. ಕಾಗದದ ಮೇಲೆ ಇದರಷ್ಟು ನ್ಯಾಯವಾದ ಏರ್ಪಾಡು ಮತ್ತೊಂದಿಲ್ಲ.

ಆದರೆ ಆದದ್ದೇ ಬೇರೆ. ಜೊತೆಗಿದ್ದ ಹುಂಜವನ್ನು ಒಮ್ಮೆ ಬೇರೆಮಾಡಿ ಮತ್ತೆ ತಂದುಬಿಟ್ಟರೆ ಉಳಿದವುಗಳ ಕಣ್ಣಿಗೆ ಅದು ಹೊಸಬ. ಹಳೆಯ ಶ್ರೇಣಿ ಅಲ್ಲಿಗೆ ಮುರಿಯಿತು. ಯಾರು ಮೇಲು ಯಾರು ಕೆಳಗು ಎಂಬುದನ್ನು ಅವು ಮೊದಲಿನಿಂದ ತೀರ್ಮಾನಿಸಬೇಕು, ಮತ್ತು ಅವುಗಳಿಗೆ ತೀರ್ಮಾನದ ದಾರಿ ಒಂದೇ. ನಾವು ದಿನಕ್ಕೆರಡು ಸಲ ಆ ಪ್ರಶ್ನೆಯನ್ನು ಹೊಸದಾಗಿ ಅವುಗಳ ಮುಂದಿಡುತ್ತಿದ್ದೆವು. ಮೊದಲು ಕ್ಷಣದಲ್ಲಿ ಮುಗಿಯುತ್ತಿದ್ದ ಜಗಳಗಳು ಈಗ ರಕ್ತ ಬರುವವರೆಗೆ ನಡೆದವು. ಒಳಗಿದ್ದವು ಹೊರಗಿನವನ್ನು ಮಂಕರಿಯ ಸಂದುಗಳಿಂದ ಕುಕ್ಕಿದವು. ಕೂಗು ಕಡಿಮೆಯಾಗಲಿಲ್ಲ. ಮಂಕರಿಯಡಿಯಿಂದ ಬರುವ ಕೂಗು ಇನ್ನಷ್ಟು ಕರ್ಕಶ. ಬಿಳಿಯ ಹುಂಜಕ್ಕೆ ನಾನು ಕೊಟ್ಟ ಹಕ್ಕಿನಿಂದ ಅದರ ಒಂದು ಕಣ್ಣು ಊದಿಕೊಂಡಿತು. ಮೊದಲು ತೊಟ್ಟಿಯ ಬಳಿ ನಿಂತು ಕಾದು ತಿನ್ನುತ್ತಿದ್ದುದು ಅದು ಕಂಡುಕೊಂಡಿದ್ದ ಬದುಕುವ ದಾರಿಯಾಗಿತ್ತು. ನಾನು ಅದನ್ನು ದಿನವೂ ಹಿಡಿದು ತಂದು ಕೆಂಪು ಹುಂಜದ ಎದುರು ನಿಲ್ಲಿಸುತ್ತಿದ್ದೆ.

ಅರ್ಧ ದಿನ ಕವುಚಿಟ್ಟಿದ್ದ ಹುಂಜ ಹೊರಬಂದ ಕೂಡಲೇ ಓಡುತ್ತಿದ್ದುದು ಹೇಟೆಗಳ ಮೇಲೆ. ಬೂದು ಹೇಟೆ ಕೂರುತ್ತಿತ್ತು.

ಇದೆಲ್ಲ ನಮಗೆ ಕಾಣುತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಕಾಣುತ್ತಿತ್ತು. ಹೊಸ ವ್ಯವಸ್ಥೆ ಹೊಂದಿಕೊಳ್ಳಲು ಸಮಯ ಬೇಕು ಎಂದು ನಾನು ಹೇಳಿದೆ, ಅಪ್ಪ ಹೂಂ ಅಂದ. ಇಬ್ಬರಿಗೂ ಏನನ್ನಾದರೂ ಬದಲಿಸುವ ಶಕ್ತಿ ಇರಲಿಲ್ಲ. ಬೆಳಗಾದರೆ ಎರಡು ಮಂಕರಿ ಎತ್ತುವುದು, ಮಧ್ಯಾಹ್ನ ಬೇರೆ ಮೂರು ಎತ್ತುವುದು. ಕೈಗೆ ಒಂದು ಕೆಲಸವಿತ್ತು, ಅಷ್ಟು ಸಾಕಾಗಿತ್ತು.

ಅಕ್ಕ ಮದುವೆಯಾಗಿ ಹೋದದ್ದು ಆನೇಕಲ್ಲಿನ ಹತ್ತಿರದ ಒಂದು ಊರಿಗೆ. ನಗರದ ಆ ತುದಿಯಿಂದ ಈ ತುದಿಗೆ ಬಸ್ಸು ಮೆಟ್ರೋ ಹಿಡಿದು ಬರಬೇಕು. ಬಂದವಳು ಹೇಟೆಯ ಬೆನ್ನು ನೋಡಿ, ಏನೂ ಕೇಳದೆ, ಅಪ್ಪನ ಹಳೆಯ ಕಾರ್ಖಾನೆಯ ನೀಲಿ ಅಂಗಿಯನ್ನು ಕತ್ತರಿಸಿ, ರೆಕ್ಕೆಗಳ ಅಡಿಯಿಂದ ಕಟ್ಟುವ ಹಾಗೆ ಒಂದು ಹೊದಿಕೆ ಹೊಲಿದಳು. ಹುಂಜದ ಉಗುರು ಚರ್ಮಕ್ಕೆ ತಾಗದಿರಲೆಂದು. ಬೂದು ಹೇಟೆ ನೀಲಿ ಬಟ್ಟೆ ತೊಟ್ಟು ನಡೆಯಿತು. ಕಿಟಕಿಯಿಂದ ಗದಗದವನ ಮಾತು ಬಂತು: "ಅಜ್ಜಾರ, ಶಿಫ್ಟೂ ಆತು, ಯೂನಿಫಾರಮ್ಮೂ ಆತು. ಇನ್ನ ಕ್ಯಾಂಟೀನ್ ಒಂದ ಬಾಕಿ ನೋಡ್ರಿ!" ಅಕ್ಕ ಕೂಡ ನಕ್ಕಳು. ಹೊದಿಕೆ ಕೆಲವು ವಾರ ತಡೆಯಿತು.

ಅವ್ವನ ವರ್ಷದ ಎಡೆಗೆ ಇನ್ನು ಹೆಚ್ಚು ದಿನ ಇರಲಿಲ್ಲ. ಒಂದು ಮಧ್ಯಾಹ್ನ ಕಾಲೇಜಿನಿಂದ ಬಂದಾಗ ಅಪ್ಪ ಅಡುಗೆಮನೆಯ ನೆಲದ ಮೇಲೆ ಕೂತಿದ್ದ. ತೊಡೆಯ ಮೇಲೆ ಹೇಟೆ, ಪಕ್ಕದಲ್ಲಿ ಅರಿಶಿನದ ಡಬ್ಬಿ, ಎಣ್ಣೆ. ಪಾಳಿ ಬದಲಾದ ಹೊತ್ತಿನಲ್ಲಿ ಕರಿಯ ಹುಂಜದ ಕಾಲಿನ ಮುಳ್ಳು ಹೊದಿಕೆಯ ಅಂಚಿನಡಿಗೆ ನುಗ್ಗಿ, ರೆಕ್ಕೆಯ ಕೆಳಗಿನ ಚರ್ಮವನ್ನು ಉದ್ದಕ್ಕೆ ಸೀಳಿತ್ತು. ಹೇಟೆ ಕೂಗಾಡಲಿಲ್ಲ. ಅಪ್ಪ ಅರಿಶಿನ ಹಚ್ಚುವಾಗಲೂ ಕಣ್ಣು ಅರ್ಧ ಮುಚ್ಚಿ ಸುಮ್ಮನಿತ್ತು.

"ನಾಲ್ಕು ಕುಯ್ದುಬಿಡಾನ," ಎಂದ ಅಪ್ಪ. "ಒಂದು ಇರ್ಲಿ. ಇದು ಉಳ್ಕತದೆ."

"ವರ್ಷ ಆಗಿಲ್ಲವಲ್ಲಪ್ಪ."

"ಆಗ್ದಿದ್ರೂ ಪರ್ವಾಗಿಲ್ಲ. ನಿಮ್ಮವ್ವ ಏನೂ ಅನ್ಕಳಲ್ಲ."

ಮನೆತನದ ಕಟ್ಟಳೆಯನ್ನು ಅವನು ಅಷ್ಟು ಸುಲಭವಾಗಿ ಬಿಟ್ಟುಕೊಡುತ್ತಾನೆಂದು ನಾನು ಎಣಿಸಿರಲಿಲ್ಲ. ನಾನು ನನ್ನದನ್ನು ಬಿಡಲಿಲ್ಲ. ನಿಂತಲ್ಲೇ ನನ್ನ ಅಂಶಗಳನ್ನು ಒಂದರ ಹಿಂದೊಂದು ಹೇಳಿದೆ. ಒಂದು ಜೀವ ಉಳಿಸಲು ನಾಲ್ಕು ಜೀವ ತೆಗೆಯುವುದು ಯಾವ ಲೆಕ್ಕ, ಹುಂಜದ ಸ್ವಭಾವಕ್ಕೆ ಹುಂಜಕ್ಕೆ ಶಿಕ್ಷೆ ಕೊಡುವುದು ಯಾವ ನ್ಯಾಯ, ಮರಿ ಒಡೆದ ದಿನ ಆಡಿದ ಮಾತೇನಾಯಿತು. ವಾದದಲ್ಲಿ ಬಿರುಕಿರಲಿಲ್ಲ. ನನ್ನ ದನಿ ಏರಲೂ ಇಲ್ಲ. ಅಪ್ಪ ಪೂರ್ತಿ ಕೇಳಿಸಿಕೊಂಡ. ಹಿಂದೆ ಇಂಥ ಹೊತ್ತಿನಲ್ಲಿ ಅಡುಗೆಮನೆಯಿಂದ, "ಸಾಕು, ಉಣ್ಣಾಕ್ ಬನ್ನಿ," ಎಂಬ ಕರೆ ಬರುತ್ತಿತ್ತು. ಈಗ ನಾವಿಬ್ಬರೂ ಅಡುಗೆಮನೆಯಲ್ಲೇ ಇದ್ದೆವು.

"ಮಾತಲ್ಲಿ ನೀನು ಗೆಲ್ತೀಯ ಕಣ್ಲಾ," ಎಂದ ಅಪ್ಪ. "ಬೆನ್ನು ಯಾರ್ದು?"

ನಾನು ಅಕ್ಕನಿಗೆ ಫೋನ್ ಮಾಡಿದೆ.

ಅವಳು ಮರುದಿನ ಭಾವನ ಗೂಡ್ಸ್ ಆಟೋದಲ್ಲಿ ಬಂದಳು. ಹೇಟೆಯ ಗಾಯ ನೋಡಿದಳು, ಹಿತ್ತಿಲಿನ ಮಂಕರಿಗಳನ್ನು ನೋಡಿದಳು, ಊದಿದ ಕಣ್ಣಿನ ಬಿಳಿಯ ಹುಂಜವನ್ನು ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನ ಕಡೆ ತಿರುಗಿದಳು.

"ಲೋ, ಕುಯ್ಯೋಕೆ ನೀನ್ ಬಿಡಲ್ಲ. ಇಡೋಕೆ ಇಲ್ಲಿ ಜಾಗ ಇಲ್ಲ. ಇಬ್ರೂ ಸೇರ್ಕೊಂಡು ಇದನ್ನ ಸಾಯಿಸ್ತಾ ಇದ್ದೀರ, ನಿಧಾನಕ್ಕೆ."

"ಹುಂಜಗಳನ್ನ ತಗೊಂಡು ಹೋಗ್ತೀಯಾ?"

"ನಮ್ಮನೇಲಿ ಒಂದೈತೆ. ಅದ್ರ ಜೊತೆ ನಿನ್ನ ಐದು ಪೈಲ್ವಾನ್ರನ್ನ ಬಿಟ್ರೆ ಊರೇ ನೋಡೋಕ್ ಬರ್ತದೆ. ಹೇಟೆಗಳ್ನ ತಗೊಂಡ್ ಹೋಗ್ತೀನಿ. ಆರನ್ನೂ. ಹುಂಜಗಳ್ನ ನೀನೇ ಇಟ್ಕೊ. ನಿನ್ ಮಾತೂ ಉಳೀತದೆ."

ನಾನು ಅಪ್ಪನನ್ನು ನೋಡಿದೆ. ಹೇಟೆ ಉಳಿಯುತ್ತದೆ, ಆದರೆ ಅವನ ಕಣ್ಣ ಮುಂದೆ ಅಲ್ಲ. ಕಾವಿಗೆ ಕೂರಬಹುದು, ಆದರೆ ಆ ಮೂಲೆಯಲ್ಲಿ ಅಲ್ಲ. ಅವನ ಆಸೆಯಲ್ಲಿ ಅರ್ಧ ಹೋಗುತ್ತದೆ, ನನ್ನ ಮಾತು ಪೂರ್ತಿ ಉಳಿಯುತ್ತದೆ. ಒಬ್ಬ ತೀರ್ಪುಗಾರ ಇದ್ದಿದ್ದರೆ ಇದನ್ನು ಸಮಪಾಲು ಎನ್ನುತ್ತಿರಲಿಲ್ಲ. ಅಪ್ಪ ಒಳಗೆ ಹೋದ. ಹೇಟೆಯ ಬೆನ್ನಿನ ಗಾಯವಿಲ್ಲದ ಜಾಗ ನೋಡಿ ಕೈಯಿಟ್ಟ. ಅದು ಎಂದಿನಂತೆ ಕುಸಿದು ಕೂತಿತು. ಎತ್ತಿಕೊಂಡು ಬಂದು ಅಕ್ಕನ ಕೈಗೆ ಕೊಟ್ಟ. ಉಳಿದ ಐದನ್ನು ಹಿಡಿದು ಬುಟ್ಟಿಗೆ ತುಂಬಲು ನಮಗೆ ಬಹಳ ಹೊತ್ತು ಹಿಡಿಯಿತು. ಆಟೋ ಹೊರಡುವಾಗ ಅಪ್ಪ "ಇರವ್ವ" ಎಂದು ಕೊಟ್ಟಿಗೆಗೆ ಹೋಗಿ, ಹಳೆಯ ಬುಟ್ಟಿಯ ಹುಲ್ಲಿನಡಿ ತಡಕಿ ಆ ಬೋಲ್ಟನ್ನು ತಂದ.

"ಇದೂ ಇಟ್ಕ. ಕಾವಿಗ್ ಕೂತ್ರೆ ಬೇಕಾಯ್ತದೆ."

ಆಟೋ ಹೋದ ಮೇಲೆ ನಾನು ಮಂಕರಿಗಳನ್ನು ಎತ್ತಿ ಒಂದರ ಮೇಲೊಂದು ಪೇರಿಸಿದೆ. ಐದನ್ನೂ ಒಟ್ಟಿಗೆ ಬಿಟ್ಟೆ. ಮೊದಲ ಎರಡು ಮೂರು ದಿನ ಅವು ಹೊಡೆದಾಡಿದವು. ಪುಕ್ಕಗಳು ಹಾರಿದವು. ನಾನು ನಡುವೆ ಹೋಗಲಿಲ್ಲ, ಒಂದು ಕೋಲು ಹಿಡಿದು ನೋಡುತ್ತ ನಿಂತೆ. ಆಮೇಲೆ ಕೆಂಪು ಮತ್ತೆ ಮೊದಲನೆಯದಾಯಿತು, ಬಿಳಿಯದು ಮತ್ತೆ ತೊಟ್ಟಿಯ ಬಳಿ ಹೋಗಿ ನಿಂತಿತು. ನಾನು ಐದು ಕಡೆ ಬೇರೆ ಬೇರೆ ತಟ್ಟೆಗಳಲ್ಲಿ ಕಾಳು ಇಟ್ಟೆ, ಬಿಳಿಯದರ ತಟ್ಟೆಯನ್ನು ತೊಟ್ಟಿಯ ಪಕ್ಕದಲ್ಲೇ ಇಟ್ಟೆ. ಅಪ್ಪ ಕೊಟ್ಟಿಗೆಯಲ್ಲಿ ಎತ್ತರ ತಗ್ಗಾಗಿ ಬಿದಿರಿನ ಗಳುಗಳನ್ನು ಕಟ್ಟಿದ. ಸಂಜೆ ಅವು ತಮ್ಮ ತಮ್ಮ ಗಳು ಹತ್ತಿ ಕೂರುತ್ತಿದ್ದವು. ಹೇಟೆಗಳಿಲ್ಲದ ಮೇಲೆ ಅವುಗಳ ನಡುವೆ ಜಗಳಕ್ಕೆ ಉಳಿದ ವಿಷಯ ಬಹಳ ಕಡಿಮೆ. ಕೂಗು ಪೂರ್ತಿ ನಿಲ್ಲಲಿಲ್ಲ, ಆದರೆ ಪೈಪೋಟಿ ನಿಂತಿತು. ಬೆಳಗು ಚೆನ್ನಾಗಿ ಹರಿಯುವವರೆಗೆ ಕೊಟ್ಟಿಗೆಯ ಬಾಗಿಲಿಗೆ ಗೋಣಿತಾಟು ಇಳಿಬಿಟ್ಟೆವು. ಗದಗದವನು ಒಂದು ದಿನ ಗೋಡೆಯ ಆಚೆಯಿಂದ, "ಏನ್ರಿ ಸರ, ಯೂನಿಯನ್ ಲೀಡರ್ ರಾಜಿ ಮಾಡಿಸಿದನೇನು?" ಎಂದು ಕೇಳಿದ. ಹೌದೆಂದೆ.

ಆ ವಾರಗಳಲ್ಲಿ ಅಪ್ಪನೂ ನಾನೂ ಜಗಳವಾಡಲಿಲ್ಲ. ವಾದಿಸುವುದಕ್ಕೆ ವಿಷಯಗಳಿದ್ದವು. ವಾರ್ತೆ ನೋಡುತ್ತಿದ್ದೆವು, ಪಕ್ಕದ ಖಾಲಿ ಸೈಟಿನಲ್ಲಿ ಕಸ ಸುಡುತ್ತಿದ್ದರು, ಊರಹಬ್ಬದ ಸಭೆಗೆ ನನ್ನನ್ನು ಕರೆದಿರಲಿಲ್ಲ. ಯಾವುದೂ ಮಾತಿಗೆ ಬರಲಿಲ್ಲ. ಅವನು ಒಂದು ತುದಿಯಲ್ಲಿ ಕೂತು ಉಂಡ, ನಾನು ಒಂದು ತುದಿಯಲ್ಲಿ. ತಟ್ಟೆಗಳನ್ನು ಸರದಿಯ ಮೇಲೆ ತೊಳೆದೆವು. ನೋಡಲು ಯಾರೂ ಇಲ್ಲದಿದ್ದರೆ ನಮ್ಮಿಬ್ಬರ ಜಗಳಕ್ಕೂ ಅರ್ಥವಿಲ್ಲವೇನೋ ಎಂದು ಒಂದು ಸಂಜೆ ಕೊಟ್ಟಿಗೆಯ ಕಡೆ ನೋಡುತ್ತ ಅನ್ನಿಸಿತು. ಅನ್ನಿಸಿದ್ದನ್ನು ಅಲ್ಲಿಗೇ ಬಿಟ್ಟೆ.

ವರ್ಷದ ಎಡೆಯ ದಿನ ಬಂತು. ಸತ್ತವರಿಗೆ ಪ್ರಿಯವಾದದ್ದನ್ನೆಲ್ಲ ಮಾಡಿ ಎಲೆಯ ಮೇಲೆ ಬಡಿಸಬೇಕು. ಅವ್ವನಿಗೆ ಪ್ರಿಯವಾದದ್ದು ಯಾವುದೆಂಬುದರಲ್ಲಿ ಚರ್ಚೆಗೆ ಅವಕಾಶವಿಲ್ಲ. ಅಪ್ಪ ಬೆಳಗ್ಗೆ ಎದ್ದು ಸ್ನಾನ ಮಾಡಿ, ಹಿತ್ತಿಲ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತ. ಐದೂ ಹುಂಜಗಳು ಅವನ ಕೈಯಲ್ಲಿ ಕಾಳಿದೆಯೆಂದು ಓಡಿಬಂದವು. ಅವನು ಒಂದು ಬೊಗಸೆ ರಾಗಿ ಚೆಲ್ಲಿ, ಚೀಲ ತೆಗೆದುಕೊಂಡು ನಿಲ್ದಾಣದ ರಸ್ತೆಯ ಕೋಳಿ ಅಂಗಡಿಗೆ ಹೋದ. ಯಾರದೋ ಹಿತ್ತಿಲಿನ ನಾಟಿ ಹುಂಜವೊಂದು ಚೀಲದೊಳಗೆ ತುಂಡುಗಳಾಗಿ ನಮ್ಮ ಮನೆಗೆ ಬಂತು. ಅಕ್ಕ ಸಾರು ಮಾಡಿದಳು. ಎಲೆಯ ಮೇಲೆ ಮುದ್ದೆ, ಸಾರು, ಒಂದು ಬೇಯಿಸಿದ ಮೊಟ್ಟೆ, ವೀಳ್ಯದೆಲೆ. ಊದುಬತ್ತಿ ಹಚ್ಚಿ, ಅವ್ವ ಬಂದು ಉಣ್ಣಲೆಂದು ನಾವು ಬಾಗಿಲು ಮುಚ್ಚಿ ಹೊರಗೆ ಕಾದೆವು. ಆಮೇಲೆ ಅದೇ ಎಲೆಯಿಂದ ಒಂದೊಂದು ತುತ್ತು ಪ್ರಸಾದವೆಂದು ಎಲ್ಲರಿಗೂ ಕೊಟ್ಟರು. ನಾನೂ ತಿಂದೆ. ಖಾರ ಇತ್ತೇ ಉಪ್ಪು ಇತ್ತೇ ಎಂದು ಕೇಳಿದರೆ ಹೇಳಲಾರೆ. ನನ್ನ ಐದು ಹುಂಜಗಳು ಜೀವಂತವಾಗಿದ್ದವು. ಮತ್ತೊಂದು ಸತ್ತಿತ್ತು. ನನ್ನ ಪ್ರತಿಜ್ಞೆ ಉಳಿದಿತ್ತು. ಈ ಮೂರು ವಾಕ್ಯಗಳನ್ನು ಒಂದೇ ಉಸಿರಿನಲ್ಲಿ ಹೇಳಿ ಸಮರ್ಥಿಸಬಲ್ಲ ವಾದವೊಂದು ನನಗೆ ಈವರೆಗೆ ಸಿಕ್ಕಿಲ್ಲ.

ಪ್ರಾಣಿಬಲಿ ನಿಲ್ಲಬೇಕೆಂದು ನಾನು ಈಗಲೂ ಹೇಳುತ್ತೇನೆ. ಆದರೆ ಮನೆಗಳಿಗೆ ಹೋದಾಗ ಮೊದಲು ಕೇಳುವ ಪ್ರಶ್ನೆ ಬದಲಾಗಿದೆ. ಬಲಿ ಯಾಕೆ ಕೊಡುತ್ತೀರಿ ಎಂದು ಶುರುಮಾಡುವುದಿಲ್ಲ. ಹಿತ್ತಿಲು ಎಷ್ಟಿದೆ ಎಂದು ಕೇಳುತ್ತೇನೆ. ಹೇಟೆಗಳೆಷ್ಟು, ಹುಂಜಗಳೆಷ್ಟು ಎಂದು ಕೇಳುತ್ತೇನೆ. ಕೆಲವರು ನಗುತ್ತಾರೆ. ಕೆಲವರು ಒಳಗೆ ಕರೆದು ತೋರಿಸುತ್ತಾರೆ.

ಕಳೆದ ತಿಂಗಳು ಅಕ್ಕನ ಫೋನ್ ಬಂತು. ಅಪ್ಪ ಪಕ್ಕದಲ್ಲಿದ್ದ, ನಾನು ಸ್ಪೀಕರ್ ಹಾಕಿದೆ.

"ಬೂದು ಹೇಟೆ ಬುಟ್ಟಿ ಬಿಟ್ಟು ಏಳ್ತಾ ಇಲ್ಲ ಕಣೋ. ಗಾಯ ಎಲ್ಲಾ ಮಾಯ್ದು ಪುಕ್ಕ ಬಂದೈತೆ. ನಾಳೆ ಮೊಟ್ಟೆ ಇಡ್ತೀನಿ ಅದರಡಿ. ಎಷ್ಟು ಇಡ್ಲಿ? ಅವ್ವ ಇಟ್ಟಂಗೆ ಹನ್ನೊಂದಾ?"

ಅಪ್ಪ ನನ್ನ ಮುಖ ನೋಡಿದ. ನಾನು, "ಹುಂಜ ಹುಟ್ಟಿದ್ರೆ ಏನ್ ಮಾಡ್ತೀಯ?" ಎಂದೆ.

"ಅದಕ್ಕೇ ಕೇಳ್ತಿರೋದು. ಆಮ್ಯಾಕೆ ನೀನು ಬಂದು ಭಾಷಣ ಮಾಡ್ಬಾರ್ದು."

ಅಪ್ಪ ಫೋನಿನ ಹತ್ತಿರ ಬಾಗಿದ.

"ಮೂರು ಇಡವ್ವ," ಎಂದ. "ಮೂರೂ ಬೆಸವೇ. ಗಂಡಾದ್ರೆ ಮೂರೂ ಇಲ್ಲಿಗ್ ಬರ್ಲಿ, ಕೂಗು ಕಲಿಯಾಕ್ ಮುಂಚೇನೆ ಬೇರೆ ಮಾಡು. ನಾನು ಕೊಟ್ಟಿಗೇಲಿ ಬಿದಿರಿಂದು ಒಂದ್ ಅಡ್ಡ ತಟ್ಟಿ ಕಟ್ತೀನಿ."

"ಮೂರೇನಾ?"

"ಮೂರೇ," ಎಂದೆ ನಾನು.

ಬೋಲ್ಟು ಇಡಲು ಮರೆಯಬೇಡ ಎಂದು ಅಪ್ಪ ಹೇಳಿದ. ಅಕ್ಕ ಫೋನ್ ಇಟ್ಟಳು. ಅಪ್ಪ ಎದ್ದು ಬಿದಿರು ನೋಡಲು ಕೊಟ್ಟಿಗೆಗೆ ಹೋದ. ನಾನೂ ಅವನ ಹಿಂದೆ ಹೋಗಿ ಅಳತೆಯ ಟೇಪಿನ ಒಂದು ತುದಿ ಹಿಡಿದುಕೊಂಡೆ.

ನಿಮ್ಮನ್ನು ಕೇಳಿಕೊಳ್ಳುವುದು ಇಷ್ಟೇ. ನಿಮ್ಮ ಹೇಟೆಯ ಅಡಿಗೆ ಮೊಟ್ಟೆ ಇಡುವ ಮೊದಲು, ಹುಟ್ಟುವ ಹುಂಜಗಳು ಎಲ್ಲಿರುತ್ತವೆ ಎಂದು ಮನೆಯವರೆಲ್ಲ ಕೂತು ತೀರ್ಮಾನಿಸಿ. ಜಾಗವಿಲ್ಲದಿದ್ದರೆ ಮೊಟ್ಟೆಗಳನ್ನು ಕಡಿಮೆ ಮಾಡಿ. ಈಗಾಗಲೇ ನಿಮ್ಮಲ್ಲಿ ಹಲವು ಹುಂಜಗಳಿದ್ದರೆ, ಇಂದೇ ಅವನ್ನು ಹೇಟೆಗಳಿಂದ ಬೇರೆ ಮಾಡಿ, ಒಟ್ಟಿಗೆ ಇಡಿ. ದಯವಿಟ್ಟು ಅವುಗಳಿಗೆ ಪಾಳಿ ಹಾಕಬೇಡಿ.